ಗಂಡು ಒಳಗೆ, ದಿಬ್ಬಣ ಹೊರಗೆ

ಹಾಜಿರಾ ಬೀ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಬಳೆ ಮಾರುವವಳಿಗೆ ಮುಖ ಕಟ್ಟಿಕೊಂಡು ಏನಾಗಬೇಕು? ಮಳವಳ್ಳಿಯಲ್ಲಿ ಅವಳ ಮನೆ ನಮ್ಮ ಮನೆಗೆ ಎದುರು. ಬೆಳಿಗ್ಗೆ ಬಳೆಯ ಮಲಾರವನ್ನು ಹೆಗಲಿಗೇರಿಸಿ ಹೊರಟರೆ ಒಂದು ದಿನ ಬಂಡೂರು, ಇನ್ನೊಂದು ದಿನ ಕಿರುಗಾವಲು, ತಿಂಗಳಿಗೊಮ್ಮೆ ಬಸ್ಸು ಹತ್ತಿ ಮದ್ದೂರು, ಮಂಡ್ಯ. ಎಂಥ ಗಟ್ಟಿ ಕೈಯನ್ನಾದರೂ ಮಾತಿನಲ್ಲೇ ಮೆತ್ತಗೆ ಮಾಡಿ, ಬೆರಳು ಮಡಿಸಿ ಒತ್ತಿ, ಆ ಹೆಂಗಸು ತನ್ನ ಅತ್ತೆಯ ಮೇಲಿನ ದೂರು ಹೇಳಿ ಮುಗಿಸುವಷ್ಟರಲ್ಲಿ ಡಜನ್ ಬಳೆ ಏರಿಸಿಬಿಡುತ್ತಿದ್ದಳು. ಮೂರು ತಾಲ್ಲೂಕಿನ ಅತ್ತೆಯರ ದೂರೆಲ್ಲ ಅವಳ ಹೊಟ್ಟೆಯಲ್ಲಿತ್ತು. ಒಂದನ್ನೂ ಅವಳು ಮತ್ತೊಂದು ಮನೆಗೆ ಒಯ್ದವಳಲ್ಲ. ನಾನಾಗಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತಿದ್ದೆ.

ನಾನು ಚಿಕ್ಕನಂಜಮ್ಮ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಹಾಗೆ ಅಂದ ದಿನ ಅವರ ಊಟ ತಡವಾಗುತ್ತಿತ್ತು. ನಾಲ್ಕನೇ ಕ್ಲಾಸು ಓದಿದ್ದೇನೆಂಬ ಜಂಬವೂ ನನಗೆ ಸ್ವಲ್ಪ ಇತ್ತು. ಹಾಜಿರಾ ಬೀಗೆ ಸಿಟ್ಟೂ ಇರಲಿಲ್ಲ, ಓದೂ ಇರಲಿಲ್ಲ. ಅವಳು ಬೈಯುತ್ತಿದ್ದದ್ದು ಒಬ್ಬನನ್ನೇ, ಮಗ ಅಕ್ರಂ ಪಾಷಾನನ್ನು. ಗಂಡ ಸತ್ತ ಮೇಲೆ ಅವಳಿಗೆ ಉಳಿದಿದ್ದವನೂ ಅವನೊಬ್ಬನೇ.

ಅಕ್ರಂ ಸಂತೆ ಬೀದಿಯಲ್ಲಿ ಸೈಕಲ್ ಶಾಪು ಇಟ್ಟಿದ್ದ. ಅವನು ರಿಪೇರಿ ಮಾಡಿದ ಸೈಕಲ್ಲು ಚೆನ್ನಾಗಿ ಓಡುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಬ್ರೇಕಿನ ವಿದ್ಯೆ ಅವನ ತಲೆಗೆ ಹತ್ತಲೇ ಇಲ್ಲ. ನಮ್ಮ ಯಜಮಾನರು ಎರಡು ಸಲ ಚರಂಡಿಗೆ ಬಿದ್ದರೂ ಅವನ ಅಂಗಡಿ ಬಿಡಲಿಲ್ಲ. ಹುಡುಗ ಅಷ್ಟು ಒಳ್ಳೆಯವನು.

ಸ್ವಾತಂತ್ರ್ಯ ಬಂದ ವಾರದಲ್ಲೇ ರಂಜಾನ್ ಹಬ್ಬವೂ ಬಂದಿತ್ತು. ಹಬ್ಬ ಕಳೆದ ಮೇಲಿನ ಒಂದು ಶುಕ್ರವಾರಕ್ಕೆ ಅಕ್ರಂನ ಮದುವೆ ನಿಶ್ಚಯವಾಗಿತ್ತು. ಹುಡುಗಿ ಕಿರುಗಾವಲಿನ ಬೆಲ್ಲದ ವ್ಯಾಪಾರಿ ನಜೀರ್ ಅಹ್ಮದರ ಮಗಳು ತಾಹೇರಾ. ಬಳೆ ತೊಡಿಸುವಾಗ ಚೂರು ಚುಚ್ಚಿ ರಕ್ತ ಬಂದರೆ ಬೇರೆ ಹುಡುಗಿಯರು ಕೂಗಾಡುತ್ತಾರೆ. ಈ ಹುಡುಗಿ, 'ನೀವು ಗಾಬರಿಯಾಗಬೇಡಿ' ಎಂದು ಹಾಜಿರಾ ಬೀಗೇ ಸಮಾಧಾನ ಹೇಳಿದಳಂತೆ. ಅವತ್ತೇ ಇವಳು ಮನಸ್ಸಿನಲ್ಲಿ ಸೊಸೆ ಮಾಡಿಕೊಂಡುಬಿಟ್ಟಳು. ಆ ಶುಕ್ರವಾರ ತಪ್ಪಿದರೆ ಮುಂದೆ ಬರುವುದು ಅವರ ಖಾಲಿ ತಿಂಗಳು. ಆ ತಿಂಗಳಲ್ಲಿ ಅವರ ಜನ ಮದುವೆ ಮಾಡುವುದಿಲ್ಲ.

ಅಷ್ಟರಲ್ಲಿ ಗಲಾಟೆ ಶುರುವಾಯಿತು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂತು, ಮೈಸೂರು ಸಂಸ್ಥಾನದ ಜನಕ್ಕೆ ಮಾತ್ರ ಯಾಕಿಲ್ಲ, ಜವಾಬ್ದಾರಿ ಸರ್ಕಾರ ಕೊಡಿ ಎಂದು ಊರೂರಿನಲ್ಲಿ ಮೆರವಣಿಗೆ ಹೊರಟಿತು. ಮಳವಳ್ಳಿಯ ಮೆರವಣಿಗೆಯ ಮುಂದೆ ಸೈಕಲ್ಲಿಗೆ ಬಾವುಟ ಕಟ್ಟಿಕೊಂಡು ಹೋದವನು ನಮ್ಮ ಅಕ್ರಂ. ಪೊಲೀಸರು ಅಡ್ಡ ನಿಂತರು. ಉಳಿದವರು ನಿಂತರು, ಅಕ್ರಂನ ಸೈಕಲ್ಲು ಎಂದಿನಂತೆ ನಿಲ್ಲಲಿಲ್ಲ. ಎಲ್ಲರಿಗಿಂತ ಮೊದಲು ಲಾರಿಗೆ ಹತ್ತಿಸಿದ್ದು ಅವನನ್ನೇ. ಲಾರಿ ಯಾವ ಊರಿಗೆ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಊರಿನ ಲಾಕಪ್ಪು ಆಗಲೇ ತುಂಬಿತ್ತು.

ಮಾರನೆಯ ದಿನವೇ ಕಿರುಗಾವಲಿನಿಂದ ನಜೀರ್ ಅಹ್ಮದರ ಮಾತು ಬಂತು. ಶುಕ್ರವಾರದೊಳಗೆ ಗಂಡಿನ ಕಡೆಯಿಂದ ಏನಾದರೂ ಖಚಿತವಾದರೆ ಸರಿ, ಇಲ್ಲದಿದ್ದರೆ ಚನ್ನಪಟ್ಟಣದಲ್ಲಿ ಭಾವಮೈದುನನ ಮಗ ಸಿದ್ಧವಾಗಿದ್ದಾನೆ, ಅದೇ ಮುಹೂರ್ತಕ್ಕೆ ಅವನಿಗೆ ಕೊಡುತ್ತೇನೆ ಎಂದು. ಹಾಜಿರಾ ಬೀ ಅಳುತ್ತಾಳೆ ಎಂದುಕೊಂಡು ನಾನು ಓಡಿಹೋದೆ. ಅವಳು ಮಲಾರಕ್ಕೆ ಹೊಸ ಬಳೆ ಕಟ್ಟುತ್ತಿದ್ದಳು.

"ಇಂಥ ಒತ್ನಲ್ಲಿ ಯಾಪಾರವಾ ಆಜಿರಕ್ಕ?" ಎಂದೆ.

"ಬರಿಗೈಲಿ ಓದ್ರೆ ಯಾರು ಮಾತಾಡ್ಸಾರು ಕಣಮ್ಮಿ? ಸೀರೆ ಉಟ್ಕೊ, ಮದ್ದೂರ್ಗೆ ಓಗ್ಬುಟ್ಟು ಬರಣ."

ಮದ್ದೂರಿನ ಲಾಕಪ್ಪಿನ ಮುಂದೆ ನಿಂತಿದ್ದ ಪೇದೆ, ಒಳಗಿರುವವರ ಹೆಸರು ಹೇಳಲು ಅಪ್ಪಣೆಯಿಲ್ಲ ಎಂದ. ನಾನು ಬಿಡಲಿಲ್ಲ. ಹೆಸರು ಹೇಳಿದರೆ ಗೋಡೆ ಬಿದ್ದುಹೋಗುತ್ತದೆಯೇ, ನಿನಗೂ ಹೆತ್ತ ತಾಯಿ ಇಲ್ಲವೇ ಎಂದು ರಸ್ತೆಯ ಜನ ನಿಂತು ನೋಡುವ ಹಾಗೆ ಜಗಳವಾಡಿದೆ. ಜಗಳ ಚೆನ್ನಾಗಿಯೇ ಆಯಿತು, ಪ್ರಯೋಜನವೇನೂ ಆಗಲಿಲ್ಲ. ತಿರುಗಿ ನೋಡಿದರೆ ಹಾಜಿರಾ ಬೀ ಇಲ್ಲ. ಹಿಂದುಗಡೆ ಪೊಲೀಸರ ವಠಾರದಲ್ಲಿ, ರೇವಮ್ಮ ಎಂಬ ಪೇದೆಯ ಹೆಂಡತಿಯ ಜಗುಲಿಯ ಮೇಲೆ ಕೂತು, ಅವಳ ಕೈ ಹಿಡಿದುಕೊಂಡಿದ್ದಳು.

"ಮಳವಳ್ಳಿಯೋರಾ? ಲಾರೀಲಿ ತಂದಿದ್ರು ಕಣಕ್ಕ," ಎನ್ನುತ್ತಿದ್ದಳು ರೇವಮ್ಮ, ಬೆರಳು ಮಡಿಸಿಕೊಂಡೇ. "ಒಂದಿನ ಇಲ್ಲೇ ಇದ್ರು. ಅವ್ರೊಳ್ಗೆ ಒಬ್ಬ ಸಾಬ್ರ ಉಡ್ಗ, ಸುಮ್ಕೆ ಕೂರಕಾಗ್ದು ಅಂತ ಜಮೇದಾರ್ರ ಸೈಕಲ್ ರಿಪೇರಿ ಮಾಡ್ಕೊಟ್ಟ. ಪಾಪ, ಜಮೇದಾರ್ರು ಅದ್ನ ಅತ್ಕೊಂಡು ಓಗಿ ತೊಟ್ಟಿಗೆ ಗುದ್ಬುಟ್ರು."

"ಬ್ರೇಕು ಇಡೀನಿಲ್ವಾ?"

"ಎಲ್ಲಿ ಇಡ್ದದು?"

"ಅಂಗಾದ್ರೆ ಅವ್ನೇ ನನ್ಮಗ," ಎಂದಳು ಹಾಜಿರಾ ಬೀ. ಅಷ್ಟು ಹೆಮ್ಮೆಯಿಂದ ಯಾವ ತಾಯಿಯೂ ಮಗನ ಕೆಟ್ಟ ಕೆಲಸದ ಸುದ್ದಿ ಕೇಳಿರಲಾರಳು. ರೇವಮ್ಮನಿಗೆ ಎರಡು ಬಳೆ ಹೆಚ್ಚಿಗೆ ತೊಡಿಸಿದಳು. ಅವರನ್ನೆಲ್ಲ ಮಂಡ್ಯಕ್ಕೆ ಸಾಗಿಸಿದ್ದಾರೆ ಎಂದು ರೇವಮ್ಮನೇ ಹೇಳಿ, ನಮ್ಮನ್ನು ರೈಲು ನಿಲ್ದಾಣದವರೆಗೆ ಬಿಟ್ಟಳು.

ಮಂಡ್ಯದ ಜೈಲರು ನಡು ವಯಸ್ಸಿನ, ಸಮಾಧಾನದ ಮನುಷ್ಯ. ಅಕ್ರಂ ಪಾಷಾ ಇಲ್ಲೇ ಇದ್ದಾನೆ, ಆರೋಗ್ಯವಾಗಿದ್ದಾನೆ ಎಂದರು. ಆ ಮಾತು ಕೇಳಿ ನನಗೇ ಕಣ್ಣಲ್ಲಿ ನೀರು ಬಂತು. ಆದರೆ ಭೇಟಿ ಭಾನುವಾರ ಮಾತ್ರ, ಒಳಗಿರುವವರು ಜಾಸ್ತಿ, ಕಾವಲಿನವರು ಕಮ್ಮಿ, ಆದ್ದರಿಂದ ಒಬ್ಬ ಕೈದಿಗೆ ಒಬ್ಬರೇ ಎಂದರು. ಶುಕ್ರವಾರ ಮದುವೆ ಇಟ್ಟುಕೊಂಡು ಭಾನುವಾರದ ಭೇಟಿ ಏನು ಮಾಡುವುದು?

"ತಪ್ಪಾಯಿತು ಅಂತ ಒಂದು ಸಾಲು ಬರೆದುಕೊಟ್ಟರೆ ಇವತ್ತೇ ಕರೆದುಕೊಂಡು ಹೋಗಬಹುದಲ್ಲಮ್ಮ," ಎಂದರು ಜೈಲರು. "ನಾವೂ ಹೇಳಿ ನೋಡಿದೆವು. ನೀವಾದರೂ ಬುದ್ಧಿ ಹೇಳಿ."

"ಉಟ್ಟಿದಾಗ್ಲಿಂದ ನನ್ತಾವೇ ಒಂದ್ಸಲ ತಪ್ಪಾಯ್ತು ಅಂದೋನಲ್ಲ ಸ್ವಾಮಿ. ಈಗ ನಿಮ್ತಾವ ಅಂದ್ಬುಟ್ರೆ, ಎತ್ತೋಳು ನನ್ ಮರ್ವಾದಿ ಏನಾಗದು?"

ಜೈಲರು ನಕ್ಕುಬಿಟ್ಟರು. ಅವಳು ಮಳವಳ್ಳಿಯಿಂದ ಉರ್ದುವಿನಲ್ಲಿ ಬರೆಸಿ ತಂದಿದ್ದ ಕಾಗದವನ್ನು ಮಾತ್ರ ಹಿಂದಕ್ಕೆ ಕೊಟ್ಟರು. ಓದಿ ನೋಡದೆ ಯಾವ ಕಾಗದವನ್ನೂ ಒಳಗೆ ಬಿಡುವಂತಿರಲಿಲ್ಲ, ಉರ್ದು ಓದುವವರು ಅಲ್ಲಿರಲಿಲ್ಲ. ಕನ್ನಡದಲ್ಲಿ ಬರೆದುಕೊಟ್ಟರೆ ಈಗಲೇ ತಲುಪಿಸುತ್ತೇವೆ ಎಂದರು.

ಹೊರಗೆ ಬೇವಿನ ಮರದ ಕೆಳಗೆ ಕೂತು ಹಾಜಿರಾ ಬೀ ಮಲಾರದ ಗಂಟು ಬಿಗಿದಳು. ಆಮೇಲೆ ನನ್ನನ್ನು ಕೇಳಿದಳು.

"ನಮ್ಮ ಮದ್ವೇಲಿ ಎಣ್ಣು ಎಲ್ಲಿ ಕೂತಿರ್ತಾಳೆ ಏಳು?"

"ಒಳಗಡೆ, ಪರದೆ ಇಂದೆ."

"ಇರೀಕ್ರು ಒಳಿಕ್ಕೋಗಿ ಒಪ್ಗೆ ಕೇಳ್ಕೊಂಡು ಬತ್ತಾರೆ. ಆಚೆ ಇರೋರು ಅವ್ಳ ಮಕ ನೋಡಾರಾ? ಇಲ್ಲ. ಆದ್ರೂ ಮದ್ವೆ ಆಯ್ತದೆ. ಅಂಗಾದ್ರೆ ಗಂಡು ಒಳ್ಗಿದ್ರೆ ಏನ್ ಮುಳ್ಗೋಯ್ತದೆ?"

ನನಗೆ ಅದು ತಮಾಷೆಯೆನಿಸಿತು. ಅವಳು ತಮಾಷೆ ಮಾಡುತ್ತಿರಲಿಲ್ಲ. ನನ್ನನ್ನು ಎಳೆದುಕೊಂಡು ಮಂಡ್ಯದ ಮಸೀದಿಯ ಹತ್ತಿರ ಹೋಗಿ ಮೌಲ್ವಿಗಳನ್ನು ಕೇಳಿದಳು. ಮುದುಕರು ಗಡ್ಡ ನೀವಿಕೊಂಡು, ಆಗುತ್ತದೆ ಎಂದರು. ಗಂಡು ತನ್ನ ಪರವಾಗಿ ಇಂಥವರು ಒಪ್ಪಿಕೊಳ್ಳಲಿ ಎಂದು ಬರೆದುಕೊಡಬೇಕು, ಇಬ್ಬರು ಸಾಕ್ಷಿಯ ರುಜು ಇರಬೇಕು, ಅಷ್ಟೇ.

ಮತ್ತೆ ಬೇವಿನ ಮರ. ನಾನು ಕಾಗದ, ಪೆನ್ಸಿಲ್ಲು ಹಿಡಿದು ಕೂತೆ. "ಬರ್ಕೊ," ಎಂದಳು. "ಲೇ ಅಕ್ರಂ, ಬೇವಾರ್ಸಿ ನನ್ಮಗನೆ."

"ಜೈಲರು ಓದ್ತಾರೆ ಕಣಕ್ಕ."

"ಓದ್ಲಿ ಬುಡು. ಎಂಥೋನ್ನ ಇಟ್ಕಂಡಿವ್ನಿ ಅಂತ ಅವ್ರ್ಗೂ ಗೊತ್ತಾಗ್ಲಿ."

ನಾನು ಹಾಗೆಯೇ ಬರೆದೆ. ಒಂದು ಪುಟ ಬೈಗುಳಕ್ಕೇ ಹೋಯಿತು. ಮದುವೆ ಹತ್ತಿರವಿದ್ದಾಗ ಯಾರಾದರೂ ಮೆರವಣಿಗೆಗೆ ಹೋಗುತ್ತಾರೆಯೇ, ಹೋದವನು ಹಿಂದೆ ನಿಲ್ಲಬಾರದಿತ್ತೇ, ಜಮೇದಾರರನ್ನು ತೊಟ್ಟಿಗೆ ಗುದ್ದಿಸುವುದು ಯಾವ ನ್ಯಾಯ ಎಂದು. ಪುಟ ತಿರುಗಿಸಿದ ಮೇಲೆ ಅವಳ ದನಿ ಇಳಿಯಿತು. ತಪ್ಪಾಯಿತು ಎಂದು ಬರೆದುಕೊಡಬೇಡ, ನಿನಗೆ ಹಾಗೆ ಅನಿಸದಿದ್ದರೆ. ತಾಹೇರಾ ಬೇಕು ಅನಿಸಿದರೆ ಮಾತ್ರ ನಿನ್ನ ಕಾಸಿಂ ಮಾವನ ಹೆಸರಿಗೆ ಅಧಿಕಾರ ಬರೆದುಕೊಡು. ಹೊಟ್ಟೆ ತುಂಬ ಊಟ ಮಾಡು. ಇಷ್ಟು ಹೇಳಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ರಾತ್ರಿ ಅವಳ ನಂಟರ ಮನೆಯಲ್ಲಿ ಉಳಿದು ಬೆಳಿಗ್ಗೆ ಹೋದರೆ ಉತ್ತರ ಸಿದ್ಧವಾಗಿತ್ತು. 'ಅಮ್ಮಾ, ನೀನು ಬೈದದ್ದನ್ನೆಲ್ಲ ಗುಮಾಸ್ತರು ಇಲ್ಲಿ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು. ಎರಡನೇ ಸಲ ಓದಿ ಎಂದು ನನ್ನ ಜೊತೆಯವರೇ ಕೇಳಿ ಓದಿಸಿಕೊಂಡರು' ಎಂದು ಶುರುಮಾಡಿದ್ದ. ಕೆಳಗೆ, ನಜೀರ್ ಅಹ್ಮದರ ಮಗಳು ತಾಹೇರಾಳನ್ನು ತನ್ನ ಪರವಾಗಿ ಕಾಸಿಂ ಮಾವ ಒಪ್ಪಿಕೊಳ್ಳಲಿ ಎಂದು ಸ್ಪಷ್ಟವಾಗಿ ಬರೆದಿದ್ದ. ಮೌಲ್ವಿಗಳು ಕೇಳಿದ್ದು ಇಬ್ಬರ ರುಜು. ಆ ಕೋಣೆಯಲ್ಲಿದ್ದವರೆಲ್ಲ ರುಜು ಹಾಕಿಬಿಟ್ಟಿದ್ದರು. ನಿಡಘಟ್ಟದ ಸಿದ್ದರಾಮು ದೊಡ್ಡ ಅಕ್ಷರದಲ್ಲಿ, ಬೆಟ್ಟಯ್ಯನೆಂಬುವರು ಹೆಬ್ಬೆಟ್ಟು, ಜಾಗ ಸಾಲದೆ ಉಳಿದವರು ಅಂಚಿನಲ್ಲಿ ಅಡ್ಡಡ್ಡ. ಎಲ್ಲಕ್ಕಿಂತ ಕೆಳಗೆ ಜೈಲರೇ 'ನನ್ನ ಎದುರಿನಲ್ಲಿ ಬರೆದದ್ದು' ಎಂದು ಸಹಿ ಮಾಡಿ ಮೊಹರು ಒತ್ತಿದ್ದರು.

ಆ ಕಾಗದ ಹಿಡಿದು ನಾವು ಕಿರುಗಾವಲಿಗೆ ಹೋದಾಗ ಚನ್ನಪಟ್ಟಣದ ಭಾವಮೈದುನ ಆಗಲೇ ಬಂದು ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದ. ನಜೀರ್ ಅಹ್ಮದರು ಕಾಗದವನ್ನು ಎರಡು ಸಲ ಓದಿಸಿಕೊಂಡರು. ಕೆಟ್ಟವರಲ್ಲ, ಜನ ಏನನ್ನುತ್ತಾರೋ ಎಂಬ ಭಯ.

"ಗಂಡಿಲ್ಲದ ಮದ್ವೆ ನೋಡಿ ನಾಕು ಜನ ನಗಾಡ್ತಾರೆ ಬುಡಮ್ಮ," ಎಂದರು.

"ನಗ್ಲಿ ಬುಡಿ ಸಾಬ್ರೆ. ಮದ್ವೆ ಮನೇಲಿ ಅಳೋರ್ಗಿಂತ ನಗೋರು ವಾಸಿ."

ಅವರು ತಲೆ ಕೆರೆದುಕೊಂಡರು. ಭಾವಮೈದುನನ ಕಡೆ ನೋಡಿದರು. ಕೊನೆಗೆ, ಮಗಳು ಏನು ಹೇಳುತ್ತಾಳೋ ಅದೇ ಆಗಲಿ, ನಾಳೆ ಹಿರಿಯರು ಒಳಗೆ ಹೋಗಿ ಎರಡೂ ಸಂಗತಿ ತಿಳಿಸಿ ಕೇಳಲಿ ಎಂದರು. ಆ ರಾತ್ರಿ ಹಾಜಿರಾ ಬೀ ಒಂದು ತುತ್ತೂ ತಿನ್ನಲಿಲ್ಲ. ಮೂರೂರು ತಿರುಗಿದವಳ ಕೈಯಲ್ಲಿ ಇನ್ನು ಮಾಡುವ ಕೆಲಸವೇನೂ ಉಳಿದಿರಲಿಲ್ಲ.

ಮದುವೆಯ ಹುಡುಗಿ ಒಪ್ಪಿಗೆ ಕೊಡುವುದೆಂದರೆ ತಲೆ ಬಗ್ಗಿಸಿ ಹೂಂ ಎಂದಳೋ ಇಲ್ಲವೋ ಎಂಬಂತೆ ಉಸಿರುಬಿಡುವುದು. ಶುಕ್ರವಾರ ನಾನು ಹೆಂಗಸರ ಜೊತೆ ತಾಹೇರಾಳ ಪಕ್ಕದಲ್ಲೇ ಕೂತಿದ್ದೆ. ಪರದೆಯಾಚೆಯಿಂದ ಹಿರಿಯರು, ಹುಡುಗ ಜೈಲಿನಲ್ಲಿದ್ದಾನೆ, ಯಾವಾಗ ಬಿಡುತ್ತಾರೋ ಗೊತ್ತಿಲ್ಲ, ಬೇಡವೆಂದರೆ ನಿನ್ನ ಮೇಲೆ ಯಾರ ಬಲವಂತವೂ ಇಲ್ಲ ಎಂದು ಹೇಳಿ ಒಪ್ಪಿಗೆಯೇ ಎಂದು ಕೇಳಿದರು. "ಒಪ್ಪಿಗೆ," ಎಂದಳು ಹುಡುಗಿ. ಜಗುಲಿಯ ಮೇಲಿದ್ದ ಭಾವಮೈದುನನಿಗೂ ಕೇಳಿಸಿತು. ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಾನು ಸೆರಗು ಒತ್ತಿಕೊಳ್ಳದೆ ನಕ್ಕೆ.

ಗಂಡಿನ ಜಾಗದಲ್ಲಿ ಹಲ್ಲಿಲ್ಲದ ಕಾಸಿಂ ಮಾವ ಕೂತಿದ್ದರು. ಗಾಬರಿಯಲ್ಲಿ ಅವರು 'ನಾನು ಒಪ್ಪಿದೆ' ಎಂದುಬಿಟ್ಟರು. ಅವರ ಹೆಂಡತಿ ರಹೀಮುನ್ನೀಸಾ ಪರದೆ ಸರಿಸಿ ಒಂದು ನೋಟ ನೋಡಿದಳು. ಮೌಲ್ವಿಗಳು ಅವಸರದಿಂದ, ಅಕ್ರಂ ಪಾಷಾನ ಪರವಾಗಿ ಅನ್ನಿ ಎಂದು ಹೇಳಿಕೊಟ್ಟು ಮೊದಲಿನಿಂದ ಹೇಳಿಸಿದರು. ನಕ್ಕವರು ನಾಲ್ಕು ಜನವಲ್ಲ, ಇಡೀ ಕಿರುಗಾವಲು ನಕ್ಕಿತು, ನಜೀರ್ ಅಹ್ಮದರೂ ನಕ್ಕರು.

ಮುಂದೆ ಅಕ್ಟೋಬರಿನಲ್ಲಿ ರಾಜಿಯಾಗಿ ಎಲ್ಲರನ್ನೂ ಬಿಟ್ಟರು, ಅಕ್ರಂ ಹೂವಿನ ಹಾರ ಹಾಕಿಸಿಕೊಂಡು ಬಂದ, ಅದು ಊರಿಗೆಲ್ಲ ಗೊತ್ತಿರುವ ವಿಷಯ. ನಾನು ಹೇಳಬೇಕಾದದ್ದು ಆ ಭಾನುವಾರದ ಮಾತು.

ಭಾನುವಾರ ದಿಬ್ಬಣವೇ ಮಂಡ್ಯಕ್ಕೆ ಹೊರಟಿತು. ಹಾಜಿರಾ ಬೀ, ಬುರ್ಖಾದೊಳಗೆ ಹೊಸ ಬಟ್ಟೆಯ ತಾಹೇರಾ, ಕಾಸಿಂ ಮಾವ, ಅವರನ್ನು ಇನ್ನೂ ಕ್ಷಮಿಸದ ರಹೀಮುನ್ನೀಸಾ, ಮತ್ತೆ ನಾನು. ಜೈಲಿನ ಬಾಗಿಲಲ್ಲಿ ಕಾವಲಿನವನು ಕೇಳಿದ.

"ಒಬ್ರೇ ಕಣಮ್ಮ. ಯಾರು ಓಗದು?"

ನಾವೆಲ್ಲ ಹಾಜಿರಾ ಬೀಯ ಮುಖ ನೋಡಿದೆವು. ಅವಳು ಸಿಹಿಯ ಗಂಟನ್ನು ತಾಹೇರಾಳ ಕೈಗಿಟ್ಟು, ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಒಳಕ್ಕೆ ದೂಡಿದಳು. ಬಾಗಿಲು ಮುಚ್ಚಿತು.

ನನ್ನ ಸಿಟ್ಟು ನೆತ್ತಿಗೇರಿತು. "ಅಲ್ಲ ಕಣಕ್ಕ, ಮಗನ ಮಕ ನೋಡ್ಬೇಕು ಅಂತ ಊರೂರು ಅಲ್ದಾಡ್ದೆ. ಈಗ ಬಾಗ್ಲುಗಂಟ ಬಂದು ನಿಂತ್ಕಂಡ್ಯಲ್ಲ, ಬುದ್ದಿ ಅದಾ ನಿಂಗೆ?"

"ನಾನು ಅವ್ನ ಇಪ್ಪತ್ನಾಕು ವರ್ಸದಿಂದ ನೋಡಿವ್ನಿ ಕಣಮ್ಮಿ," ಎಂದಳು. "ಅವ್ಳು ಒಂದ್ಸಲನೂ ನೋಡಿಲ್ಲ."

ನಾನು ಅವಳ ಕೈ ಹಿಡಿದುಕೊಂಡು ನಿಂತೆ. ಅವಳ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ.

ತಾಹೇರಾ ಹೊರಗೆ ಬಂದಾಗ ಮುಖದ ಪರದೆ ಓರೆಯಾಗಿತ್ತು, ಕೆನ್ನೆ ಕೆಂಪಾಗಿತ್ತು. ಹಾಜಿರಾ ಬೀ ಅಷ್ಟು ಹೊತ್ತು ನುಂಗಿಕೊಂಡಿದ್ದದ್ದನ್ನು ಒಂದೇ ಮಾತಿನಲ್ಲಿ ಕೇಳಿದಳು.

"ಸಣ್ಣಗಾಗವ್ನಾ?"

ಹುಡುಗಿ ನಿಂತು ಯೋಚನೆ ಮಾಡಿದಳು.

"ಗೊತ್ತಾಗ್ಲಿಲ್ಲ ಅತ್ತೆ," ಎಂದಳು. "ಮೊದ್ಲು ಎಷ್ಟು ದಪ್ಪ ಇದ್ರು?"

ಹಾಜಿರಾ ಬೀ ನಗಲು ಶುರುಮಾಡಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಅಲ್ಲೇ ನೆಲದ ಮೇಲೆ ಕೂತು ನಕ್ಕಳು. ಆ ನಗು ಗೋಡೆ ದಾಟಿ ಹೋಗಿರಬೇಕು. ಒಳಗಿನಿಂದ "ಅಮ್ಮಾ" ಎಂದು ಅಕ್ರಂ ಕೂಗಿದ್ದು ನಮಗೆಲ್ಲ ಕೇಳಿಸಿತು.

"ಇಲ್ಲೇ ಇವ್ನಿ ಕಣ್ಲಾ," ಎಂದು ಅವಳೂ ಕೂಗಿದಳು. "ಮೊದ್ಲು ಅದ್ನ ತಿನ್ನು."

ಕೂಗಾಡಬಾರದೆಂದು ಹೇಳಬೇಕಾದ ಕಾವಲಿನವನು ಬೇರೆ ಕಡೆ ತಿರುಗಿಕೊಂಡು ನಿಂತ.