ರೊಟ್ಟಿ ಬಡಿಯುವ ಪತ್ತೇದಾರಿ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಜಯನಗರದ ಒಬ್ಬ ಆಂಟಿಗೆ ನಮ್ಮ ವಯಸ್ಸಿನವರ ಮೇಲೆ ಕನಿಕರ ಹುಟ್ಟಿತು. ಅವರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಹದಿಹರೆಯದವರು ಓದುವ ಪುಸ್ತಕಗಳಲ್ಲೆಲ್ಲ ಪರದೇಶದ ಮಕ್ಕಳೇ ತುಂಬಿರುತ್ತಾರೆ, ಹಿಮದಲ್ಲಿ ಆಡುತ್ತಾರೆ, ಕೇಕು ತಿನ್ನುತ್ತಾರೆ, ಹಾಗಾದರೆ ನಮ್ಮ ಮಕ್ಕಳೆಲ್ಲಿ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರವನ್ನು ಅವರು ತಮ್ಮ ಮನೆಯಲ್ಲೇ ತಯಾರಿಸಲು ಹೊರಟರು.

ನಾಲ್ಕು ಮಕ್ಕಳು ಸೇರಿ ಒಂದು ಕಾದಂಬರಿ ಬರೆಯುವುದು, ಭಾನುವಾರಕ್ಕೊಬ್ಬರಂತೆ ಒಂದೊಂದು ಅಧ್ಯಾಯ. ಎಲ್ಲ ಬಗೆಯವರೂ ಇರಬೇಕೆಂದು ಆಂಟಿ ನಮ್ಮನ್ನು ಹುಳಿಗೆ ತರಕಾರಿ ಆರಿಸುವಷ್ಟು ಮುತುವರ್ಜಿಯಿಂದ ಆರಿಸಿದ್ದರು. ಜೆ.ಪಿ. ನಗರದ ತಮಿಳು ಮನೆಯ ಹುಡುಗ, ಸಾರಕ್ಕಿಯ ಹಳೇ ಊರಿನ ಹುಡುಗ, ತಮ್ಮದೇ ಮೊಮ್ಮಗಳು, ಮತ್ತೆ ನಾನು. ಅಪ್ಪನಿಗೆ ಬಾಗಲಕೋಟೆಯಿಂದ ವರ್ಗವಾಗಿ ನಾವು ಬಿಟಿಎಂ ಲೇಔಟಿನ ಬಾಡಿಗೆ ಮನೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಕಾದಂಬರಿಯಲ್ಲಿ ನಾಲ್ವರಿಗೂ ನಮ್ಮಂಥದೇ ಒಂದೊಂದು ಪಾತ್ರ.

ಕಥೆ ಇಷ್ಟು. ಜಯನಗರದ ಒಂದು ಮನೆಯಲ್ಲಿ ದಸರಾ ಗೊಂಬೆ ಕೂರಿಸಿದ್ದಾರೆ. ಆರತಿಯ ಹೊತ್ತಿಗೆ ನೋಡಿದರೆ ಬೆಳ್ಳಿಯ ಕುಂಕುಮದ ಬಟ್ಟಲು ನಾಪತ್ತೆ. ನಾಲ್ವರು ಗೆಳೆಯರು ಅದನ್ನು ಪತ್ತೆ ಮಾಡಬೇಕು. ಬಟ್ಟಲನ್ನು ನನ್ನ ಪಾತ್ರದ ಹುಡುಗಿಯೇ ಹುಡುಕಬೇಕು ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ.

ಮೊದಲ ಅಧ್ಯಾಯ ತಮಿಳು ಹುಡುಗನದು. ಅದರಲ್ಲಿ ಮೂವರು ಗೆಳೆಯರು ಗೊಂಬೆಗಳ ಮುಂದೆ ಕೂತು ಸುಳಿವುಗಳ ಬಗ್ಗೆ ಚರ್ಚಿಸುತ್ತಾರೆ. ನನ್ನ ಹುಡುಗಿ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಾಳೆ. ಆಂಟಿಗೆ ಆನಂದವೋ ಆನಂದ. "ನೋಡು ಪುಟ್ಟ, ನಿಮ್ಮ ಕಡೆ ಸೊಗಡು ಎಷ್ಟ್ ಚೆನ್ನಾಗಿ ಬಂದ್ಬಿಟ್ಟಿದೆ!" ಎಂದರು. ನಮ್ಮ ಮನೆಗೆ ರೊಟ್ಟಿ ಬರುತ್ತಿದ್ದುದು ಬಿಟಿಎಂನ ರೊಟ್ಟಿ ಅಂಗಡಿಯಿಂದ. ಅವ್ವ ಬ್ಯಾಂಕಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಹಿಟ್ಟು ನಾದಲು ಅವಳಿಗೆ ಪುರುಸೊತ್ತೂ ಇರಲಿಲ್ಲ, ಆಸೆಯೂ ಇರಲಿಲ್ಲ. ನನಗಂತೂ ರೊಟ್ಟಿ ಮುರಿಯಲು ಮಾತ್ರ ಬರುತ್ತಿತ್ತು.

ಎರಡನೇ ಅಧ್ಯಾಯ ಸಾರಕ್ಕಿಯ ಹುಡುಗನದು. ಮೂವರು ಗೆಳೆಯರು ಒಬ್ಬ ಅನುಮಾನಾಸ್ಪದ ಮನುಷ್ಯನ ಬೆನ್ನು ಹತ್ತಿ ಬನಶಂಕರಿ ಬಸ್ ಸ್ಟ್ಯಾಂಡಿನ ತನಕ ಹೋದರು. ವಾಪಸು ಬಂದಾಗ ನನ್ನ ಹುಡುಗಿ ಶೇಂಗಾ ಚಟ್ನಿ ಹಾಕಿ ಬಿಸಿ ರೊಟ್ಟಿ ಬಡಿಸಿದಳು. ಹೊರಗೆ ಗೇಟಿನ ಹತ್ತಿರ ಅವನನ್ನು ತರಾಟೆಗೆ ತೆಗೆದುಕೊಂಡೆ.

"ಆಂಟಿಗೆ ಇಷ್ಟ ಆಯ್ತಲ್ಲ ಅಂತ ಹಾಕ್ದೆ ಗುರು. ಮೊದಲ್ನೇ ಅಧ್ಯಾಯದಲ್ಲಿ ನನ್ ಪಾತ್ರಕ್ಕೂ ಎಮ್ಮೆ ಕಟ್ಟಿಲ್ವಾ?" ಎಂದ ಅವನು. ಅವರ ಮನೆಯಲ್ಲಿ ಆಗ ಇದ್ದುದು ಎಮ್ಮೆಯಲ್ಲ, ಸಾಲಾಗಿ ಬಾಡಿಗೆ ಮನೆಗಳು. "ಎಮ್ಮೆನಾದ್ರೂ ಮೇಯೋಕೆ ಆಚೆ ಹೋಗುತ್ತೆ ಬಿಡು. ನಿನ್ ಹುಡುಗೀದೇ ಕಷ್ಟ."

ಮೊಮ್ಮಗಳ ಪಾತ್ರಕ್ಕೆ ಇಂಥ ತಾಪತ್ರಯವೇ ಇರಲಿಲ್ಲ. ಅವಳಿಗೆ ರೊಟ್ಟಿಯೂ ಬೇಡ, ಎಮ್ಮೆಯೂ ಬೇಡ. ಅವಳು ಸುಮ್ಮನೆ ಒಬ್ಬ ಜಾಣ ಹುಡುಗಿ.

ಮೂರನೆಯದು ನನ್ನದು. ನಮ್ಮ ಕಡೆ ದಸರೆಗೆ ಬನ್ನಿ ಕೊಟ್ಟು ಬಂಗಾರದಂಗ ಇರೂಣು ಅನ್ನುತ್ತೇವೆ, ನಮ್ಮ ಮನೆಗಳಲ್ಲಿ ಗೊಂಬೆ ಕೂರಿಸಿದ್ದನ್ನು ನಾನು ಕಂಡಿರಲಿಲ್ಲ. ಹಾಗಾಗಿ ಇಲ್ಲಿಗೆ ಬಂದ ಮೊದಲ ದಸರೆಯಲ್ಲಿ ಪಕ್ಕದ ಮನೆಯ ಗೊಂಬೆಗಳನ್ನು ಒಂದೊಂದಾಗಿ ಬಾಯಿ ಬಿಟ್ಟುಕೊಂಡು ನೋಡಿದ್ದೆ. ಇಲ್ಲೇ ಹುಟ್ಟಿ ಬೆಳೆದವರು ಅವನ್ನು ಅಷ್ಟು ನೋಡುವುದಿಲ್ಲ. ನನ್ನ ಹುಡುಗಿಯೂ ಹಾಗೇ ನೋಡಿದಳು. ದಿನಸಿ ಅಂಗಡಿ ಇಟ್ಟುಕೊಂಡು ಕೂತ ಮಣ್ಣಿನ ಶೆಟ್ಟಿ ಬೊಂಬೆ ನಿನ್ನೆ ನೆಟ್ಟಗಿತ್ತು, ಇವತ್ತು ವಾಲಿದೆ. ಮಣ್ಣಿನ ಬೊಂಬೆಯ ಒಳಗು ಟೊಳ್ಳು. ಎತ್ತಿದರೆ ಅಡಿಯಲ್ಲಿ ಬಟ್ಟಲು! ಮನೆಯ ಪುಟ್ಟ ಮಗು ಆಟಕ್ಕೆಂದು ಮುಚ್ಚಿಟ್ಟಿತ್ತು.

ಓದಿ ಮುಗಿಸಿದಾಗ ಆಂಟಿ ಕನ್ನಡಕ ತೆಗೆದು ಒರೆಸಿದರು. "ಚೆನ್ನಾಗಿದೆ ಪುಟ್ಟ. ಆದ್ರೆ ಸಹಜವಾಗಿಲ್ಲ. ಇಷ್ಟು ದಿನ ಅಡುಗೆಮನೇಲಿದ್ದೋಳು ಇದ್ದಕ್ಕಿದ್ದ ಹಾಗೆ ಇಷ್ಟೆಲ್ಲಾ ಯೋಚನೆ ಮಾಡ್ತಾಳಾ?"

ಅಡುಗೆಮನೆಯಲ್ಲಿ ಇಟ್ಟವಳು ನಾನಲ್ಲವಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ದೊಡ್ಡವರು, ಒಳ್ಳೆಯವರು, ಮೇಲಾಗಿ ಪ್ರತಿ ವಾರ ಬೋಂಡ ಕೊಡುತ್ತಿದ್ದರು.

ಕೊನೆಯ ಭಾನುವಾರ ಅಪ್ಪ ಅಮ್ಮಂದಿರನ್ನೂ ಕರೆದಿದ್ದರು. ಎಲ್ಲರೂ ಅವರವರ ಅಧ್ಯಾಯ ಓದಬೇಕು. ನನ್ನದಕ್ಕೆ ಚಪ್ಪಾಳೆ ಬಿತ್ತು. ಆಮೇಲೆ ಮೊಮ್ಮಗಳು ಎದ್ದು ಕೊನೆಯ ಅಧ್ಯಾಯ ಶುರು ಮಾಡಿದಳು. ರೊಟ್ಟಿ ಸೀದ ವಾಸನೆಗೆ ನನ್ನ ಹುಡುಗಿಗೆ ತಟ್ಟನೆ ಎಚ್ಚರವಾಗುತ್ತದೆ. ಹಿಂದಿನ ಅಧ್ಯಾಯದಲ್ಲಿ ನಡೆದದ್ದೆಲ್ಲ ಅವಳು ಒಲೆಯ ಮುಂದೆ ತೂಕಡಿಸುತ್ತಾ ಕಂಡ ಕನಸು! ಅಷ್ಟರಲ್ಲಿ ಮೊಮ್ಮಗಳ ಜಾಣ ಹುಡುಗಿ ಗೊಂಬೆಗಳ ಹತ್ತಿರ ಹೋಗಿ, ಶೆಟ್ಟಿಯನ್ನು ಎತ್ತಿ, ಬಟ್ಟಲು ತೆಗೆಯುತ್ತಾಳೆ. ಚಪ್ಪಾಳೆ ನನ್ನದಕ್ಕಿಂತ ಜೋರಾಗಿತ್ತು. ನನಗೆ ಅಳು ಬಂತು, ಸಿಟ್ಟಿನ ಅಳು.

ಅವ್ವ ಎದ್ದು ನಿಂತಳು. "ಅಲ್ರೀ, ಒಂದ್ ಮಾತು. ಬಟ್ಟಲಾ ಕನಸಿನ್ಯಾಗ ಎಲ್ಲಿತ್ತೋ ಖರೇನೂ ಅಲ್ಲೇ ಸಿಕ್ಕತಲ್ಲ. ಹಂಗಾದ್ರ ಮೊದಲ ಪತ್ತೆ ಮಾಡಿದಾಕಿ ಯಾರು?"

ಮೊಮ್ಮಗಳು ಪಾಪ, ಸುಳ್ಳು ಹೇಳುವವಳಲ್ಲ. "ನಂಗೆ ಬೇರೆ ಜಾಗ ಹೊಳೀಲೇ ಇಲ್ಲ ಅಜ್ಜಿ," ಎಂದಳು.

ಆಂಟಿಯ ಮುಖ ಅರಳಿತು. "ಹೌದಲ್ವಾ! ಅದು ಬರೀ ಕನಸಲ್ಲ, ಆ ಹುಡುಗಿಗೆ ದೈವಶಕ್ತಿ ಇದೆ ಅಂತ ಮಾಡ್ಬಿಡೋಣ. ನಿಮ್ಮ ಕಡೆ ಎಷ್ಟು ಜನ ಶರಣರು, ಅವಧೂತರು ಹುಟ್ಟಿದ್ದಾರೆ!" ಎಲ್ಲರೂ ತಲೆದೂಗಿದರು. ಅವ್ವ ಕೂತುಬಿಟ್ಟಳು. ಶರಣರ ಮೇಲೆ ಯಾರು ವಾದಕ್ಕೆ ನಿಲ್ಲುತ್ತಾರೆ?

"ಆಕಿಗೆ ಯಾವ ದೇವರೂ ಹೇಳಿಲ್ಲರೀ," ಎಂದೆ ನಾನು. "ಆಕಿ ನೋಡ್ಯಾಳ."

"ಎರಡೂ ಒಂದೇ ಕಣಮ್ಮ," ಎಂದು ಆಂಟಿ ಬೆನ್ನು ತಟ್ಟಿದರು.

ಕಾದಂಬರಿಯನ್ನು ಜೆರಾಕ್ಸ್ ಮಾಡಿಸಿ ನಮಗೆಲ್ಲ ಒಂದೊಂದು ಪ್ರತಿ ಕೊಟ್ಟರು. ಅದರಲ್ಲಿ ಜಾಣ ಹುಡುಗಿ ಬಟ್ಟಲು ಹಿಡಿದು ನಿಂತಿದ್ದಾಳೆ, ನನ್ನ ಹುಡುಗಿ ಕಣ್ಣು ಮುಚ್ಚಿ ಕೂತಿದ್ದಾಳೆ, ಉಳಿದವರು ಅವಳಿಗೆ ಕೈಮುಗಿಯುತ್ತಾರೆ. ಒಲೆಯ ಮುಂದಿನಿಂದ ಎಬ್ಬಿಸಿ ನೇರ ಪೀಠಕ್ಕೇ ಏರಿಸಿದ್ದರು. ನಡುವೆ ಹಾಲ್‌ನಲ್ಲಿ ಒಂದು ಕುರ್ಚಿ ಕೊಟ್ಟಿದ್ದರೆ ಸಾಕಿತ್ತು.