ಅಪ್ಪ ಓದಿದ ಸಮೀಕರಣ

ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿದರೆ ಹಿಂದಿನದು ಯಾಕೆ ಹೊಯ್ದಾಡುತ್ತದೆ ಎಂಬುದು ನನ್ನ ಪಿಎಚ್.ಡಿ. ವಿಷಯವಾಗಿತ್ತು. ಹಾನಗಲ್ ರಸ್ತೆಯಲ್ಲಿ ಅಂಥ ಟ್ರೇಲರಿನ ಹಿಂದೆ ಸೈಕಲ್ ಹೊಡೆದವರಿಗೆಲ್ಲ ಗೊತ್ತಿದ್ದ ಸಂಗತಿಗೆ ನಾನು ಮೂರು ವರ್ಷ ಕುಳಿತು ಕೈಯಿಂದ ಚಲನೆಯ ಸಮೀಕರಣ ಬರೆದೆ, ಅದನ್ನು ನಂಬಿ ಅರವತ್ತು ನಕ್ಷೆ ಎಳೆದೆ. ಪ್ರಬಂಧ ಒಪ್ಪಿಸಲು ಹದಿನೈದು ದಿನ ಉಳಿದಾಗ ಗೈಡ್ ತಣ್ಣಗೆ ಹೇಳಿದರು: ಹೊಸ ಕಂಪ್ಯೂಟರ್ ಬರೀ ಅಂಕಿ ಕೂಡಿಸುವುದಿಲ್ಲ, ಅಕ್ಷರಗಳನ್ನಿಟ್ಟುಕೊಂಡೇ ಸಮೀಕರಣ ಬಿಡಿಸಿ ಕೊಡುತ್ತದೆ, ಒಮ್ಮೆ ತಾಳೆ ನೋಡಿಬಿಡಿ. ಸಮೀಕರಣದಲ್ಲಿ ಒಂದು ಪದ ತಪ್ಪಿದ್ದರೂ ಅರವತ್ತೂ ನಕ್ಷೆ ಸುಳ್ಳು.

ಎಂಬತ್ತರ ದಶಕದ ಮಧ್ಯದ ಮಾತು. ಕಂಪ್ಯೂಟರಿನಿಂದ ಮಡಿಕೆ ಮಡಿಕೆಯಾಗಿ ಹೊರಬಂದ ಕಾಗದವನ್ನು ಚೀಲಕ್ಕೆ ತುರುಕಿ, ಅಪ್ಪ ಅವ್ವ ಇದ್ದ ಸವಣೂರಿನ ಬಸ್ಸು ಹತ್ತಿದೆ. ಯಂತ್ರ ತಪ್ಪಿದ್ದರೆ ಏನು, ನಾನು ತಪ್ಪಿದ್ದರೆ ಏನು, ಇಬ್ಬರೂ ಸರಿಯಿದ್ದು ಬಸ್ಸೇ ಉರುಳಿದರೆ ಏನು ಎಂಬ ಮೂರೂ ಚಿಂತೆ ತಡಸ ದಾಟುವ ಮೊದಲೇ ಮುಗಿದವು. ಶಿಗ್ಗಾಂವಿಯಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದೆ.

ಅಪ್ಪ ನಿವೃತ್ತ ಸಂಸ್ಕೃತ ಮಾಸ್ತರರು. ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ನೋಡುವ ಪದ್ಧತಿ ನಮ್ಮ ಮನೆಯಲ್ಲಿತ್ತು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ತಮ್ಮ ಪ್ರತಿಯ ಮೇಲೆ ಬೆರಳು ಸರಿಸುತ್ತ ‘ಅದ’ ಅಥವಾ ‘ಇಲ್ಲ’ ಎನ್ನಬೇಕು. ವಾದ ಮಾಡುವಂತಿಲ್ಲ. ಒಬ್ಬನೇ ನೋಡಿದರೆ ಕಣ್ಣು ತನಗೆ ಬೇಕಾದುದನ್ನೇ ಕಾಣುತ್ತದೆ ಎಂದು ಅವರ ನಂಬಿಕೆ. ಈ ಗಣಿತದ ಗಂಧವಿಲ್ಲದ ಅಪ್ಪ ಕಂಪ್ಯೂಟರಿನ ಕಾಗದ ಹಿಡಿದರು, ನಾನು ನನ್ನ ನೋಟ್‌ಬುಕ್ ಹಿಡಿದೆ. ಮಧ್ಯಾಹ್ನದ ಊಟ ಮುಗಿಸಿ ಪಡಸಾಲೆಯಲ್ಲಿ ಕುಳಿತು ಧನ, ಋಣ, ಸೈನ್, ಕಾಸ್ ಎಂದು ರಾಗವಾಗಿ ಓದತೊಡಗಿದರು. ಅವ್ವ ಒಳಗಿನಿಂದ, “ಭಾಳ ಉದ್ದ ಆತಿದು. ಫಲಶ್ರುತಿ ಯಾವಾಗ ಬರ್ತದ?” ಎಂದು ಕೇಳಿದಳು.

ಹನ್ನೊಂದು ಪುಟ ‘ಅದ, ಅದ’ ಎಂದೇ ಸಾಗಿತು. ಹನ್ನೆರಡನೆಯದರಲ್ಲಿ ಅಪ್ಪ ಓದಿದ ಪದವೊಂದು ನನ್ನಲ್ಲಿರಲಿಲ್ಲ. ಮುಂದಿನ ಟ್ರೇಲರ್ ತಿರುಗಿದಾಗ ಎರಡನ್ನೂ ಜೋಡಿಸಿದ ಕೊಂಡಿಯೂ ಜಾಗ ಬದಲಿಸುತ್ತದೆ ಎಂಬುದನ್ನು ನಾನು ಅದೊಂದು ಕಡೆ ಮರೆತಿದ್ದೆ. ಯಂತ್ರ ಮರೆತಿರಲಿಲ್ಲ. ನೋಡಿದ ಕೂಡಲೇ ಗೊತ್ತಾಯಿತು, ಲೆಕ್ಕ ಮಾಡುವುದೂ ಬೇಕಿರಲಿಲ್ಲ.

“ಅದ,” ಎಂದೆ.

ಅಪ್ಪ ಮುಂದೆ ಓದಲಿಲ್ಲ. ಕನ್ನಡಕದ ಮೇಲಿನಿಂದ ನನ್ನ ಬೆರಳು ನೋಡಿದರು.

“ಬಟ್ಟು ಸರೀಲಿಲ್ಲಲ್ಲೋ.”

“ಸಣ್ಣದದರೀ ಅಪ್ಪಾ, ಬಿಡ್ರಿ. ನಡೀತದ.”

“ಸಣ್ಣದು ದೊಡ್ಡದು ನನಗ ತಿಳಿಯೂದಿಲ್ಲ. ಅದನೋ ಇಲ್ಲೋ, ಅಷ್ಟ ಹೇಳು.”

ಅದೇ ಪದವನ್ನು ಇನ್ನೊಮ್ಮೆ, ಒಂದೊಂದೇ ಅಕ್ಷರ ಬಿಡಿಸಿ ಓದಿದರು. ಮೂವತ್ತು ದಾಟಿದ, ಮೀಸೆ ಹೊತ್ತ, ಕಾಲೇಜಿನಲ್ಲಿ ಪಾಠ ಹೇಳುವ ಮನುಷ್ಯ ನಾನು. ಮತ್ತೊಮ್ಮೆ ‘ಅದ’ ಎಂದಿದ್ದರೆ ಅವರು ನಂಬಿ ಮುಂದಕ್ಕೆ ಹೋಗುತ್ತಿದ್ದರು. ನೋಟ್‌ಬುಕ್ ಇಣುಕಿ ನೋಡುವವರಲ್ಲ. ನಾನೇ ಮೂರು ಸಲ ನೋಡಿದೆ, ಆ ಪದ ಎಲ್ಲಾದರೂ ಮೂಡೀತೇನೋ ಎಂಬಂತೆ.

“ಇಲ್ರಿ,” ಎಂದೆ.

ಅಪ್ಪ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಗೀಟೆಳೆದರು. ಇನ್ನೂ ಒಂಬತ್ತು ಪುಟ ಉಳಿದಿವೆ, ಓದಲೋ ಬಿಡಲೋ ಎಂದು ಕೇಳಿದರು. ಓದಿರಿ ಎಂದೆ.