ಅಣ್ಣ ಕಲ್ಲು ನೋಡುತ್ತಿದ್ದಾನೆ ಎಂದುಕೊಂಡೆವು

ಕಳೆದ ತಿಂಗಳು ಪುದುಚೇರಿಯ ಒಂದು ಹಳೆಯ ಚರ್ಚಿನೊಳಗೆ ನನ್ನ ಅಣ್ಣ ಇದ್ದಕ್ಕಿದ್ದಂತೆ ಕುಕ್ಕರಗಾಲಲ್ಲಿ ನೆಲಕ್ಕೆ ಕೂತ. ನಾನು ಫೋಟೊ ತೆಗೆದೆ.

ತಂಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. (ಚರ್ಚಿನಲ್ಲಿ ಜೋರಾಗಿ ನಗುವಂತಿಲ್ಲವಲ್ಲ.) ನಾನು ಅಲ್ಲಿಂದಲೇ ಫೋಟೊವನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಕೆಳಗೆ ‘ಇಂಜಿನಿಯರ್ ಸಾಹೇಬರು ತಪಾಸಣೆಯಲ್ಲಿದ್ದಾರೆ’ ಅಂತ ಬರೆದೆ. ಸೊಸೆಯಂದಿರು, ಅಳಿಯಂದಿರು ಎಲ್ಲ ಸಾಲಾಗಿ ನಗುವ ಮುಖ ಕಳಿಸಿದರು.

ಆ ಹೊತ್ತಿನಲ್ಲಿ ಅಣ್ಣನಿಗೆ ಉಸಿರು ಸಿಗುತ್ತಿರಲಿಲ್ಲ.

ಅದು ನಮಗೆ ತಿಳಿದದ್ದು ಮರುದಿನ. ಅವತ್ತಿನಿಂದ ಇವತ್ತಿನವರೆಗೆ ನನಗೆ ಒಂದೇ ಭಯ. ರೊಟ್ಟಿ ಬಡಿಯುವಾಗ ಭಯ, ಕ್ಲಾಸಿನಲ್ಲಿ ಹಾಜರಿ ಕೂಗುವಾಗ ಭಯ, ಫೋನ್ ರಿಂಗಾದರೆ ಭಯ. ಅಣ್ಣನ ಎದೆಯೊಳಗೆ ಏನಾಗಿದೆ? ಎಷ್ಟಾಗಿದೆ? ಅವನು ನಮಗೆ ಉಳಿಯುತ್ತಾನಾ?

ಮೊದಲಿಂದ ಹೇಳುತ್ತೇನೆ. ನನ್ನ ಅಂಕಣ ಓದುವವರಿಗೆ ಗೊತ್ತಿರುವಂತೆ ನಾನು ಸೇಡಂನಲ್ಲಿ ಹೈಸ್ಕೂಲ್ ಟೀಚರ್. ತಂಗಿ ಮಹಾನಂದಾ ಚಿಂಚೋಳಿ ಕಡೆ ನರ್ಸ್. ನಮ್ಮಿಬ್ಬರ ಮೇಲೆ ಒಬ್ಬನೇ ಅಣ್ಣ, ಶರಣಪ್ಪ. ಅವನು ಇರುವುದು ನಾವು ಹುಟ್ಟಿದ ಊರಾದ ಶಹಾಬಾದಿನಲ್ಲಿ. ಫರಸಿ ಪಾಲಿಶ್ ಮಾಡುವ ಯಾರ್ಡಿನಲ್ಲಿ ಕೆಲಸ.

ಫರಸಿ ಅಂದರೆ ನಮ್ಮೂರಿನ ಹಾಸುಗಲ್ಲು. ನಿಮ್ಮ ಅಜ್ಜನ ಮನೆಯ ನೆಲಕ್ಕೂ ಅದೇ ಹಾಕಿರಬಹುದು, ಒಮ್ಮೆ ನೋಡಿಕೊಳ್ಳಿ. ಅಪ್ಪ ತೀರಿಕೊಂಡಾಗ ಅಣ್ಣ ಮೀಸೆ ಮೂಡದ ಹುಡುಗ. ಅಂದಿನಿಂದ ಅವನು ಕಲ್ಲು ಕೊಯ್ದ, ಕಲ್ಲು ತಿಕ್ಕಿದ. ನನ್ನ ಬಿ.ಎಡ್., ಮಹಾನಂದಾಳ ನರ್ಸಿಂಗ್ ಎಲ್ಲ ಅವನು ತಿಕ್ಕಿದ ಕಲ್ಲಿನಿಂದಲೇ ಬಂದದ್ದು. ಸಂಜೆ ಮನೆಗೆ ಬಂದರೆ ಅವನ ರೆಪ್ಪೆಗೂದಲ ಮೇಲೆ ಬಿಳಿ ಪುಡಿ ಕೂತಿರುತ್ತಿತ್ತು. ಚಿಕ್ಕವಳಾಗಿದ್ದಾಗ ಮಹಾನಂದಾ ಅದನ್ನು ಊದಿ ಹಾರಿಸಿ ಆಟವಾಡುತ್ತಿದ್ದಳು. ನಮಗೆ ಅದು ಆಟ.

ಅಣ್ಣನಿಗೆ ಇನ್ನೊಂದು ಹೆಸರಿದೆ, ‘ಕಿವಿ ಶರಣಪ್ಪ’. ಬೆರಳ ಗೆಣ್ಣಿನಿಂದ ಕಲ್ಲನ್ನು ಬಡಿದು, ತಲೆ ಓರೆ ಮಾಡಿ ಕೇಳುತ್ತಾನೆ. ಟಣ್ ಅಂದರೆ ಕಲ್ಲು ಗಟ್ಟಿ. ಬದ್ ಅಂದರೆ ಒಳಗೆ ಸೀಳಿದೆ, ಮೇಲೆ ಕಾಣದಿದ್ದರೂ ಇದೆ. ಅವನು ಬೇಡ ಅಂದ ಕಲ್ಲನ್ನು ಯಾರ್ಡಿನಲ್ಲಿ ಯಾರೂ ಲಾರಿಗೆ ಏರಿಸುವುದಿಲ್ಲ.

ಇಂಥವನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಿ ನೋಡಿ. ಮದುವೆ ಹಾಲ್ ಇರಲಿ, ಮಠ ಇರಲಿ, ಬ್ಯಾಂಕ್ ಇರಲಿ, ಅವನ ಕಣ್ಣು ಮೊದಲು ನೆಲದ ಮೇಲೆ. ಹೆಣ್ಣು ನೋಡಲು ಹೋದಾಗಲೂ ಹುಡುಗಿಯನ್ನು ಬಿಟ್ಟು ಅವರ ಪಡಸಾಲೆಯ ಕಲ್ಲು ನೋಡಿದ್ದ. (ಆ ಹುಡುಗಿಯೇ ಈಗ ನಮ್ಮ ವೈನಿ, ಇವತ್ತಿಗೂ ಅದನ್ನು ಹೇಳಿ ಹಂಗಿಸುತ್ತಾರೆ.)

ಮೂವರೇ ಎಲ್ಲಾದರೂ ತಿರುಗಾಡಿ ಬರಬೇಕು, ಗಂಡಂದಿರು ಬೇಡ, ಮಕ್ಕಳು ಬೇಡ ಅಂತ ಹಟ ಹಿಡಿದವಳು ಮಹಾನಂದಾ. ರೀಲ್ಸ್‌ನಲ್ಲಿ ಪುದುಚೇರಿ ನೋಡಿದ್ದಳು. ಫ್ರೆಂಚರು ಕಟ್ಟಿದ ಬೀದಿ, ಹಳದಿ ಗೋಡೆ, ಗೋಡೆ ಮೇಲೆ ಕಾಗದದ ಹೂವಿನ ಬಳ್ಳಿ. ಅಣ್ಣ ಕೇಳಿದ್ದು ಒಂದೇ ಪ್ರಶ್ನೆ.

“ಅಲ್ಲಿ ಸಮುದ್ರ ಅದಾ?”

“ಅದ.”

“ಹಂಗಾದ್ರ ನಡೀರಿ.”

ಐವತ್ತೆಂಟು ವರ್ಷಕ್ಕೆ ಅವನು ಸಮುದ್ರ ನೋಡಿರಲಿಲ್ಲ. ನಾವೂ ಕೇಳಿರಲಿಲ್ಲ.

ವಾಡಿ ಜಂಕ್ಷನ್‌ನಲ್ಲಿ ಚೆನ್ನೈ ರೈಲು ಹತ್ತಿಸಲು ವೈನಿ ಬಂದಿದ್ದರು. ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕೊಟ್ಟು ನನ್ನನ್ನು ಪಕ್ಕಕ್ಕೆ ಕರೆದರು.

“ಅವ್ರಿಗಿ ಭಾಳ ತಿರಗಾಡಸಬ್ಯಾಡ್ರಿ. ಜರಾ ಕುಂದರಿಸಿ ಕುಂದರಿಸಿ ಕರಕೊಂಡು ಹೋಗ್ರಿ.”

“ಯಾಕ ವೈನಿ, ಮಣಕಾಲ ನೋವಾ?”

ಅಷ್ಟರಲ್ಲಿ ರೈಲು ಬಂತು. ನಾನು ಮೊಣಕಾಲೇ ಅಂದುಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ಅಣ್ಣ ಕೆಳಗಿನ ಬರ್ತಿನಲ್ಲಿ ಕಿಟಕಿಗೆ ಒರಗಿ ಕೂತೇ ಇದ್ದ. ಹಾಸಿದ್ದ ಚಾದರ ಸುಕ್ಕಾಗಿರಲಿಲ್ಲ. ಮಲಗಲಿಲ್ಲವಾ ಅಂದರೆ, ರೈಲಿನಾಗ ನಿದ್ದಿ ಬರಂಗಿಲ್ಲ ಅಂದ. ನಂಬಿದೆ. ಅವನು ಕೆಮ್ಮುತ್ತಿದ್ದ, ನಿಜ. ಆದರೆ ಶಹಾಬಾದಿನಲ್ಲಿ ಕೆಮ್ಮು ಯಾರಿಗಿಲ್ಲ? ನಮ್ಮ ಓಣಿಯಲ್ಲಿ ಯಾರು ಬಂದರು ಅನ್ನುವುದನ್ನು ಬಾಗಿಲು ತೆರೆಯುವ ಮೊದಲು ಕೆಮ್ಮಿನಿಂದಲೇ ಗುರುತು ಹಿಡಿಯುತ್ತೇವೆ. ಅದನ್ನು ಕಾಯಿಲೆ ಅಂತ ಯಾರೂ ಅನ್ನುವುದಿಲ್ಲ.

ಪುದುಚೇರಿಯಲ್ಲಿ ಅಣ್ಣ ಮೊದಲ ದಿನವೇ ಶುರು ಮಾಡಿದ. ನೂರು ಹೆಜ್ಜೆ ನಡೆದರೆ ಒಮ್ಮೆ ನಿಲ್ಲುತ್ತಿದ್ದ. “ತಡೀರಿ, ಈ ಕಲ್ಲು ಎಲ್ಲಿದಂತ ನೋಡ್ತೀನಿ” ಅನ್ನುತ್ತಿದ್ದ. ಫುಟ್‌ಪಾತಿನ ಅಂಚಿಗೆ ಕೂತು ಬಡಿಯುತ್ತಿದ್ದ. ಹಳೆಯ ಬಂಗಲೆಯ ಗೇಟಿನ ಮುಂದೆ ಕೂತ. ಐಸ್‌ಕ್ರೀಂ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಕೊನೆಗೆ ಆ ಚರ್ಚಿನಲ್ಲಿ ಕೂತ. ಮಹಾನಂದಾಳಿಗೆ ನಗು ತಡೆಯಲಾಗಲಿಲ್ಲ.

“ಅಣ್ಣಾ, ಮಂದಿ ಮ್ಯಾಲ ನೋಡಲಿಕತ್ತಾರ, ನೀ ಒಬ್ಬಾಂವ ಕೆಳಗ ನೋಡಲಿಕತ್ತಿ.”

“ಮ್ಯಾಲಿಂದು ಫೋಟೊದಾಗ ಬರ್ತದ. ಕೆಳಗಿಂದು ಮುಟ್ಟೇ ನೋಡಬೇಕು.”

ಎಂಥ ಮಾತು ಅಂದುಕೊಂಡೆ. ಇದನ್ನೇ ಅಂಕಣ ಮಾಡಬೇಕು ಅಂತ ಮೊಬೈಲಿನಲ್ಲಿ ಬರೆದೂ ಇಟ್ಟುಕೊಂಡೆ. ಶೀರ್ಷಿಕೆ ಕೂಡ ಹೊಳೆದಿತ್ತು. ಈಗ ಅದನ್ನು ಅಳಿಸಿದ್ದೇನೆ.

ಎರಡನೇ ದಿನ ಮಧ್ಯಾಹ್ನ ಒಂದು ಮ್ಯೂಸಿಯಂಗೆ ಹೋದೆವು. ನೋಡುವುದೆಲ್ಲ ಮಹಡಿಯ ಮೇಲಿತ್ತು. ಅಣ್ಣ ಮೆಟ್ಟಿಲ ಬುಡದಲ್ಲೇ ನಿಂತ.

“ನೀವು ಹೋಗ್ರಿ. ನಾ ಇಲ್ಲೇ ಪಾವಟಗಿ ಕಲ್ಲು ನೋಡ್ಕೊಂತ ಇರ್ತೀನಿ.”

ನಾವು ಮೇಲೆ ಹೋಗಿ ಫ್ರೆಂಚರ ಕುರ್ಚಿ, ಮೇಜು, ಪಿಂಗಾಣಿ ತಟ್ಟೆ ಎಲ್ಲ ನೋಡಿದೆವು. ಪಲ್ಲಕ್ಕಿಯ ಪಕ್ಕ ನಿಂತು ಸೆಲ್ಫಿ ತೆಗೆದೆವು. ಮುಕ್ಕಾಲು ಗಂಟೆ ಕಳೆದು ಕೆಳಗೆ ಬಂದರೆ ಅಣ್ಣ ಇರಲಿಲ್ಲ.

ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಎಲ್ಲೋ ಕಲ್ಲು ಬಡಿಯುತ್ತ ಕೂತಿರುತ್ತಾನೆ ಅಂತ ಮಹಾನಂದಾ ಅಂದಳು. ಐದನೇ ಸಲಕ್ಕೆ ಅವಳ ದನಿಯಲ್ಲೂ ನಗುವಿರಲಿಲ್ಲ.

ಆ ಊರಿನ ಬೀದಿಗಳು ಗೆರೆ ಹೊಡೆದಂತೆ ನೇರ. ನೋಡಲು ಚೆಂದ. ಆದರೆ ಒಬ್ಬರನ್ನು ಹುಡುಕಲು ಹೊರಟಾಗ ಪ್ರತಿ ಬೀದಿಯೂ ಈಗಷ್ಟೇ ನೋಡಿ ಬಂದ ಬೀದಿಯಂತೆಯೇ ಕಾಣುತ್ತದೆ. ಅದೇ ಹಳದಿ ಗೋಡೆ, ಅದೇ ಬಳ್ಳಿ. ಬೋರ್ಡುಗಳೆಲ್ಲ ತಮಿಳು, ಫ್ರೆಂಚ್. ಅಣ್ಣನಿಗೆ ಓದಲು ಬರುವುದು ಕನ್ನಡ ಮಾತ್ರ. ಯಾರನ್ನು ಏನಂತ ಕೇಳಿಯಾನು? ನಾನು ಬಿಸಿಲಲ್ಲಿ ಓಡುತ್ತಿದ್ದೆ. ಐವತ್ತು ದಾಟಿದ ಟೀಚರಮ್ಮ, ಸೀರೆ ಎತ್ತಿ ಹಿಡಿದುಕೊಂಡು, ಅಪರಿಚಿತ ಊರಿನಲ್ಲಿ ‘ಅಣ್ಣಾ’ ಅಂತ ಕೂಗುತ್ತ. (ಆ ಊರಿನಲ್ಲಿ ಎಲ್ಲ ಗಂಡಸರೂ ಅಣ್ಣನೇ. ಮೂವರು ತಿರುಗಿ ನೋಡಿದರು.)

ಸಿಕ್ಕಿದ್ದು ಎರಡು ಬೀದಿ ಆಚೆ, ಯಾರದೋ ಮನೆಯ ಹೊಸ್ತಿಲ ಮೇಲೆ. ಅಂಗಿಯ ಗುಂಡಿ ಬಿಚ್ಚಿಕೊಂಡು, ಎರಡೂ ಕೈಯನ್ನು ಮೊಣಕಾಲಿಗೆ ಊರಿ ಮುಂದಕ್ಕೆ ಬಾಗಿ ಕೂತಿದ್ದ. ಆ ಮನೆಯ ಅಜ್ಜಿ ಪೇಪರಿನಿಂದ ಗಾಳಿ ಬೀಸುತ್ತಿದ್ದರು. ನಮ್ಮನ್ನು ಕಂಡು ತಮಿಳಿನಲ್ಲಿ ಏನೋ ಹೇಳಿದರು. ನಮಗೆ ತಿಳಿಯಲಿಲ್ಲ. ಆಗ ಅವರು ತಮ್ಮ ಎದೆಯ ಮೇಲೆ ಅಂಗೈ ಇಟ್ಟು ಬೇಗಬೇಗ ಮೇಲೆ ಕೆಳಗೆ ಆಡಿಸಿ ತೋರಿಸಿದರು. ಅದಕ್ಕೆ ಭಾಷೆ ಬೇಕಿರಲಿಲ್ಲ.

“ನೀರು ಕುಡಿಲಾಕ ಬಂದಿದ್ದೆ. ಏನಿಲ್ಲ, ಜರಾ ದಮ್ ಹತ್ತೇದ,” ಅಂದ ಅಣ್ಣ. ಅಷ್ಟು ಹೇಳಲು ಮೂರು ಸಲ ನಿಲ್ಲಿಸಿದ.

ಮಹಾನಂದಾ ಅವನ ಪಕ್ಕ ಕೂತು ಮಣಿಕಟ್ಟು ಹಿಡಿದಳು. ಆಮೇಲೆ ಅವನ ಬೆರಳುಗಳನ್ನು ಬೆಳಕಿಗೆ ತಿರುಗಿಸಿದಳು. ಉಗುರು ನೀಲಿಗಟ್ಟಿದ್ದವು. ನನ್ನ ತಂಗಿ ಬಾಯಿ ಮುಚ್ಚಿ ಕೂತವಳಲ್ಲ, ಹೆರಿಗೆ ವಾರ್ಡಿನಲ್ಲೂ ಜೋಕ್ ಹೇಳುವವಳು. ಅವಳು ಆಟೊದಲ್ಲಿ ಒಂದು ಮಾತೂ ಆಡಲಿಲ್ಲ. ನಾನು ನಿಜವಾಗಿ ಹೆದರಿದ್ದು ಆಗ.

ಕ್ಲಿನಿಕ್ ಚಿಕ್ಕದಿತ್ತು. ವಯಸ್ಸಾದ ಲೇಡಿ ಡಾಕ್ಟರ್. ಮೊದಲು ಆಕ್ಸಿಜನ್ ಹಾಕಿಸಿದರು. ಅವನು ಸ್ವಲ್ಪ ಚೇತರಿಸಿಕೊಂಡ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಏನು ಕೆಲಸ ಅಂತ ಇಂಗ್ಲಿಷಿನಲ್ಲಿ ವಿಚಾರಿಸಿದರು. ಸ್ಟೋನ್ ಪಾಲಿಶಿಂಗ್ ಅಂದಳು ಮಹಾನಂದಾ. ಎಷ್ಟು ವರ್ಷ? ನಲವತ್ತು. ಡಾಕ್ಟರ್ ಪೆನ್ ಕೆಳಗಿಟ್ಟರು.

ಆಮೇಲೆ ಅವನ ಅಂಗಿ ಎತ್ತಿಸಿ, ಬೆನ್ನ ಮೇಲೆ ಎಡಗೈ ಬೆರಳಿಟ್ಟು ಬಲಗೈ ಬೆರಳಿನಿಂದ ಬಡಿದರು. ಒಂದು ಕಡೆ ಬಡಿದರು, ಇನ್ನೊಂದು ಕಡೆ ಬಡಿದರು. ಸ್ವಲ್ಪ ಕೆಳಗೆ ಬಡಿದರು. ನಾನು ಡಾಕ್ಟರ ಮುಖ ನೋಡುತ್ತಿದ್ದೆ. ಅಣ್ಣನ ಮುಖ ನೋಡಬೇಕಿತ್ತು. ಅವನು ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದ.

ಊರಿಗೆ ಹೋದ ಕೂಡಲೇ ಸ್ಕ್ಯಾನ್ ಮಾಡಿಸಿ, ತಡ ಮಾಡಬೇಡಿ, ಕಲ್ಲಿನ ಪುಡಿಯ ಹತ್ತಿರ ಇನ್ನು ಹೋಗಲೇಬೇಡಿ ಅಂದರು ಡಾಕ್ಟರ್. ಕಾಯಿಲೆಯ ಹೆಸರು ಹೇಳಲಿಲ್ಲ. ನಾವೂ ಕೇಳಲಿಲ್ಲ. ಹೊರಗಿನ ಬೆಂಚಿನ ಮೇಲೆ ಮೂವರೂ ಕೂತೆವು.

“ಎಡಗಡಿ ಕೆಳಗ ಬದ್ ಅಂತು,” ಅಂದ ಅಣ್ಣ.

ಮಹಾನಂದಾ ಅಳಲು ಶುರುಮಾಡಿದಳು. ಅವಳು ನರ್ಸ್, ಅವಳಿಗೂ ಅದು ಕೇಳಿಸಿತ್ತು.

“ಎಷ್ಟ್ ದಿನದಿಂದ ಹಿಂಗ ಆಗ್ಲಿಕತ್ತದ?” ಅಂತ ಕೇಳಿದೆ.

“ವರ್ಷ ಆಯ್ತು.”

“ಯಾಕ ಹೇಳಲಿಲ್ಲ?”

“ಹೇಳಿದ್ರ ದವಾಖಾನಿಗಿ ಒಯ್ತಿದ್ರಿ. ನಮ್ಮ ಯಾರ್ಡಿನ ಮಂದಿ ದವಾಖಾನಿಗಿ ಹ್ವಾದವ್ರು ಮತ್ತ ಕೆಲಸಕ್ಕ ಬಂದಿದ್ದು ನಾ ನೋಡಿಲ್ಲ.” ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡ. “ನಾ ಕುಂತಾಗ ನೀವಿಬ್ರೂ ನಗತಿದ್ರಿ. ನಗಲಿ ಅಂತ ಮತ್ತ ಕುಂತೆ.”

ಲಾಡ್ಜಿಗೆ ಹೋಗಿ, ಅಣ್ಣ ಕೂತಾಗಲೆಲ್ಲ ತೆಗೆದಿದ್ದ ಫೋಟೊಗಳನ್ನು ತೆರೆದೆ. ಹದಿನಾಲ್ಕಿದ್ದವು. ಬೆರಳಿನಿಂದ ಹಿಗ್ಗಿಸಿ ನೋಡಿದೆ. ಪ್ರತಿಯೊಂದರಲ್ಲೂ ಅವನ ಒಂದು ಕೈ ಕಲ್ಲಿನ ಮೇಲಿದೆ, ಇನ್ನೊಂದು ಗೋಡೆಯನ್ನು ಒತ್ತಿ ಹಿಡಿದಿದೆ. ಪ್ರತಿಯೊಂದರಲ್ಲೂ ಬಾಯಿ ತೆರೆದಿದೆ. ಇದು ನನಗೆ ಕಾಣಲಿಲ್ಲ ಅಂತಲ್ಲ. ಕಂಡಿತ್ತು. ಅವನು ಕಲ್ಲಿನ ಮನುಷ್ಯ, ಕಲ್ಲು ನೋಡುತ್ತಾನೆ ಅಂತ ನಾನೇ ಅರ್ಥ ಹಚ್ಚಿಕೊಂಡಿದ್ದೆ. ಬೇರೆ ಊರಿನವರಾಗಿದ್ದರೆ ‘ಇವರಿಗೆ ಹುಷಾರಿಲ್ಲವಾ’ ಅಂತ ಮೊದಲ ಫೋಟೊಕ್ಕೇ ಕೇಳುತ್ತಿದ್ದರು. ನಮ್ಮ ಗ್ರೂಪಿನಲ್ಲಿ ಒಬ್ಬರೂ ಕೇಳಲಿಲ್ಲ. ಎಲ್ಲರೂ ಶಹಾಬಾದಿನವರೇ.

ಮರುದಿನ ಬೆಳಿಗ್ಗೆಯೇ ವಾಪಸು ಹೊರಟೆವು. ಹೊರಡುವ ಮೊದಲು, ಕೊನೆಯ ದಿನಕ್ಕೆ ಅಂತ ಉಳಿಸಿಟ್ಟಿದ್ದ ಸಮುದ್ರವನ್ನು ಅವನಿಗೆ ತೋರಿಸಿದೆವು, ಆಟೊದಲ್ಲಿ ರಸ್ತೆಯಂಚಿನವರೆಗೆ ಹೋಗಿ. ಅವನು ಬಂಡೆಯ ಮೇಲೆ ಕೂತು ನೀರು ನೋಡಿದ. ನಾನು ಅವನ ಬೆನ್ನು ನೋಡುತ್ತ ಉಸಿರು ಎಣಿಸಿದೆ. ನನ್ನ ಉಸಿರಿಗಿಂತ ಎರಡು ಪಟ್ಟು.

ಕಲಬುರಗಿಯಲ್ಲಿ ಸ್ಕ್ಯಾನ್ ಆಯಿತು. ರಿಪೋರ್ಟ್ ರೆಡಿ ಇದೆ, ಒಯ್ಯಿರಿ ಅಂತ ಸೋಮವಾರ ಮೆಸೇಜ್ ಬಂತು. ಇವತ್ತು ಗುರುವಾರ.

ಸೋಮವಾರ ನನಗೆ ಸ್ಕೂಲಿನಲ್ಲಿ ಮೀಟಿಂಗ್ ಇತ್ತು. ಮಂಗಳವಾರ ಮಹಾನಂದಾಳಿಗೆ ಡ್ಯೂಟಿ ಬದಲಾಯಿತು. ನಿನ್ನೆ ನಾನು ಅವಳಿಗೆ ಫೋನ್ ಮಾಡಿ, “ನೀ ನರ್ಸ್ ಅದಿ, ನಿಂಗ ಓದಿದ್ರ ತಿಳೀತದ, ನೀ ಹೋಗು” ಅಂದೆ. “ತಿಳೀತದ ಅಂತನೇ ಅಕ್ಕಾ, ನಾ ಹೋಗಂಗಿಲ್ಲ” ಅಂದಳು. ನೂರಾರು ಜನರ ಕೈಗೆ ಅವರವರ ರಿಪೋರ್ಟ್ ಕೊಟ್ಟವಳು ಅವಳು. ಧೈರ್ಯದ ಬಗ್ಗೆ ಇದೇ ಜಾಗದಲ್ಲಿ ಎಷ್ಟು ಸಲ ಉಪದೇಶ ಮಾಡಿದವಳು ನಾನು.

ಇವತ್ತು ಬೆಳಿಗ್ಗೆ ಅಣ್ಣನದೇ ಫೋನ್ ಬಂತು.

“ಅದೇನೋ ಕಾಗದ ಬಂದದಂತಲ್ಲ. ನೀವಿಬ್ರೂ ಕೆಲಸದಾಗ ಅದೀರಿ. ಹನ್ನೊಂದರ ಬಸ್ಸಿಗಿ ನಾನೇ ಹೋಗಿ ತರ್ತೀನಿ. ಫಿಕರ್ ಮಾಡಬ್ಯಾಡ್ರಿ.”

ನಾನು, ನಿಮ್ಮ ಅಂಕಣಕಾರ್ತಿ, “ಆಯ್ತಣ್ಣ, ಹುಷಾರಾಗಿ ಹೋಗಿ ಬಾ” ಅಂದೆ. ಅಂದು ಫೋನ್ ಇಟ್ಟೆ. ಇಟ್ಟ ಮೇಲೆ ನಾನು ಏನಂದೆ ಅನ್ನುವುದು ನನಗೇ ಕೇಳಿಸಿತು. ಎರಡು ಪಾವಟಿಗೆ ಹತ್ತಿದರೆ ನಿಲ್ಲುವ ಮನುಷ್ಯನನ್ನು, ಅವನದೇ ಎದೆಯ ಕಾಗದ ತರಲು, ನಾನು ಒಬ್ಬನೇ ಕಳಿಸಿದ್ದೆ. ನಮಗೆ ಅಂಜಿಕೆಯಾಗಿದೆ ಅಂತ ಅವನಿಗೆ ಗೊತ್ತಾಗಿತ್ತು. ಈ ಸಲವೂ ನಮಗೆ ಕಷ್ಟವಾಗದಿರಲಿ ಅಂತ ತಾನೇ ಎದ್ದಿದ್ದ.

ಮಹಾನಂದಾಳಿಗೆ ಮತ್ತೆ ಫೋನ್ ಮಾಡಿದೆ. ಆಗಲೇ ಚಿಂಚೋಳಿ ಬಸ್ ಸ್ಟ್ಯಾಂಡಿನಲ್ಲಿದ್ದಳು, ಅವಳಿಗೂ ಅವನು ಹಾಗೇ ಹೇಳಿದ್ದನಂತೆ. ಅವಳು ಬರುವುದು ತಡವಾಗುತ್ತದೆ, ದಾರಿ ದೂರ. ಸೇಡಂನಿಂದ ಹತ್ತಕ್ಕೆ ಒಂದು ಬಸ್ಸಿದೆ. ಅದು ಸಿಕ್ಕರೆ ಅಣ್ಣನಿಗಿಂತ ಮೊದಲು ಆ ಕೌಂಟರ್ ಮುಂದೆ ನಾನು ನಿಂತಿರುತ್ತೇನೆ. ಲಕೋಟೆ ನನ್ನ ಕೈಗೆ ಬರುತ್ತದೆ. ಅದರಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ, ಚಪ್ಪಲಿ ಮಾತ್ರ ಆಗಲೇ ಮೆಟ್ಟಿದ್ದೇನೆ.

ಧೈರ್ಯ ಬಂತಾ ಅಂತ ಕೇಳಬೇಡಿ, ಬಸ್ಸಿಗೆ ಹೊತ್ತಾಯಿತು.